ಬಾವಿಯ ಮೇಲಿನ ಗಾಜು

ಕಾರ್ಕಳದ ಆನೆಕೆರೆಯಿಂದ ಬಸದಿಯ ಕಡೆಗೆ ತಿರುಗುವ ಬೀದಿಯಲ್ಲಿ ಪಡುಮನೆ ಇದೆ. ಅದಕ್ಕೆ ಎರಡು ಶತಮಾನಗಳ ವಯಸ್ಸು ಎಂದು ಹೇಳುವವರು ಅನೇಕರು; ಆಧಾರ ತೋರಿಸಿದವರು ಯಾರೂ ಇಲ್ಲ. ಹಳೆಯದೆಂಬುದಂತೂ ನಿಜ. ಮುಂದೆ ಜಗಲಿ, ಜಗಲಿ ದಾಟಿದರೆ ಹಲಸಿನ ಮರದ ಕೆತ್ತನೆಯ ಕಂಬಗಳಿರುವ ಚಾವಡಿ, ಚಾವಡಿಯ ಆಚೆ ತೆರೆದ ಒಳ ಅಂಗಳ, ಅಂಗಳದ ಕೊನೆಯಲ್ಲಿ ಅಡುಗೆಮನೆ. ಈ ಅಡುಗೆಮನೆಯ ಹಿಂಗೋಡೆಗೆ ಬಾವಿಯ ಕಟ್ಟೆ ಸೇರಿಕೊಂಡಿದೆ. ಗೋಡೆಯಲ್ಲಿ ಸರಳುಗಳಿಲ್ಲದ ದೊಡ್ಡ ಕಿಟಕಿ, ಕಿಟಕಿಯ ನೆತ್ತಿಗೆ ರಾಟೆ. ಒಲೆಯ ಮುಂದಿನಿಂದ ಎದ್ದು ಕೈಚಾಚಿದರೆ ಹಗ್ಗ ಸಿಗುತ್ತದೆ. ನೀರಿಗಾಗಿ ಹೊರಗೆ ಕಾಲಿಡಬೇಕಾಗಿಲ್ಲ. ಕಟ್ಟಿಸಿದವನು ಹೆಂಗಸರ ಶ್ರಮ ಉಳಿಸಲು ಹೀಗೆ ಮಾಡಿದನೋ, ಅವರು ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಮಾಡಿದನೋ ಹೇಳುವಂತಿಲ್ಲ.

ಮನೆ ಜೈನರದು, ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ಈಗ ಅದು ಸುಗಂಧಿಯಮ್ಮನದು. ಎಪ್ಪತ್ತು ದಾಟಿದ ವಿಧವೆ. ಬೆನ್ನು ಇನ್ನೂ ನೇರ, ಮಾತು ಅದಕ್ಕಿಂತ ನೇರ. ಅವರ ತಮ್ಮ ಮುದ್ದಣ್ಣ ಹೆಂಡತಿ ತೀರಿಕೊಂಡ ಮೇಲೆ ಮೂಡುಬಿದಿರೆಯಿಂದ ಹುಟ್ಟಿದ ಮನೆಗೆ ಮರಳಿದವರು. ಪದ್ಧತಿಯಂತೆ ಯಜಮಾನಿಕೆ ಅವರದು. ಅಂದರೆ ಊರಿನವರ ಮುಂದೆ ಮಾತನಾಡುವ ಕೆಲಸ ಅವರದು, ಆಸ್ತಿ ಅಕ್ಕನದು. ಸುಗಂಧಿಯಮ್ಮನ ಒಬ್ಬಳೇ ಮಗಳು ಭವ್ಯಶ್ರೀ ಮಣಿಪಾಲದ ಕಾಲೇಜೊಂದರಲ್ಲಿ ಹೋಟೆಲ್ ನಿರ್ವಹಣೆಯ ಪಾಠ ಹೇಳುತ್ತಾಳೆ. ಅವಳ ಗಂಡ ಹರ್ಷಿತ್ ಬಹರೈನಿನ ಹೋಟೆಲಿನಲ್ಲಿ ದುಡಿದು ಹಿಂದಿರುಗಿದವನು. ಅತ್ತೆಯ ಮನೆಯಲ್ಲಿಯೇ ಇದ್ದಾನೆ.

ಗಂಡ ಸತ್ತ ವರ್ಷ, ಭವ್ಯಶ್ರೀ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಸುಗಂಧಿಯಮ್ಮ ಬಸದಿಯಲ್ಲಿ ಒಂದು ನೇಮ ಹಿಡಿದಿದ್ದರು. ಸೂರ್ಯ ಮುಳುಗಿದ ಮೇಲೆ ಅನ್ನನೀರು ಮುಟ್ಟುವುದಿಲ್ಲ. ಹಗಲಿನಲ್ಲಿಯೂ ತಾವೇ ಸೇದಿ ಬಟ್ಟೆಯಲ್ಲಿ ಸೋಸಿದ ನೀರು ಮಾತ್ರ. ಸೋಸುವುದು ಸುಲಭದ ಭಾಗ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಅವು ಬಂದ ನೀರಿಗೇ ಹಿಂದಿರುಗಿಸಬೇಕು. ಮೇಲಿನಿಂದ ಎರಚಿದರೆ ಸಾಯುತ್ತವೆ. ಆದುದರಿಂದ ಬಟ್ಟೆಯನ್ನು ತಂಬಿಗೆಯೊಂದರಲ್ಲಿ ತೊಳೆದು, ತಂಬಿಗೆಯನ್ನು ಹಗ್ಗದಲ್ಲಿ ನೀರಿನ ಮಟ್ಟಕ್ಕೆ ಇಳಿಸಿ, ಅದರ ಬುಡದ ಕೊಂಡಿಗೆ ಕಟ್ಟಿದ ದಾರವನ್ನು ಎಳೆದು ಮೆಲ್ಲನೆ ಮಗುಚುತ್ತಿದ್ದರು. ಇದಾದ ಮೇಲೆ ಒಲೆ, ಅನ್ನ, ಊಟ. ಇದಾಗದೆ ಯಾವುದೂ ಇಲ್ಲ.

ದೀಪಾವಳಿ ಕಳೆದ ಒಂದು ಸಂಜೆ, ಬೆಳಕಿರುವಾಗಲೇ ನಾಲ್ವರೂ ಊಟಕ್ಕೆ ಕುಳಿತಿದ್ದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಬಾಳೆಕಾಯಿ ಪಲ್ಯ. ಹರ್ಷಿತ್ ಮೊದಲ ತುತ್ತಿಗೇ ಮಾತು ತೆಗೆದ.

"ಅತ್ತೆ, ಉಪ್ಪರಿಗೆಯಲ್ಲಿ ಮೂರು ಕೋಣೆ ಮಾಡುವ. ಒಂದೊಂದಕ್ಕೂ ಬಚ್ಚಲು. ಚಾವಡಿಯ ಸಿಮೆಂಟು ತೆಗೆದು ಮೊದಲಿನ ಹಾಗೆ ಕಾವಿ ನೆಲ. ಗೊಮ್ಮಟನನ್ನು ನೋಡಲು ಬಂದವರು ಲಾಡ್ಜಿನಲ್ಲಿ ಯಾಕೆ ಉಳಿಯಬೇಕು? ಇಂಥ ಮನೆ ಅವರಿಗೆ ಎಲ್ಲಿ ಸಿಗುತ್ತದೆ?"

"ಅವರು ಎಲ್ಲಿ ಉಣ್ಣುತ್ತಾರೆ?" ಸುಗಂಧಿಯಮ್ಮ ಕೇಳಿದರು.

"ಹಿತ್ತಿಲಿನಲ್ಲಿ ಹೊಸ ಅಡುಗೆಕೋಣೆ ಕಟ್ಟಿಸುತ್ತೇವೆ. ನಿಮ್ಮದನ್ನು ಮುಟ್ಟುವುದಿಲ್ಲ."

"ಎಷ್ಟು ಹೊತ್ತಿಗೆ ಉಣ್ಣುತ್ತಾರೆ?"

"ಅಮ್ಮ, ಅವರು ದುಡ್ಡು ಕೊಟ್ಟು ಬರುವವರು," ಎಂದಳು ಭವ್ಯಶ್ರೀ. "ಹಸಿವಾದಾಗ ಉಣ್ಣುತ್ತಾರೆ."

"ಅವರ ಹಸಿವಿಗೆ ಸೂರ್ಯ ಕಾಣುವುದಿಲ್ಲವಾ?"

"ನಿಮ್ಮ ಹಸಿವಿಗೆ ಕಾಣುತ್ತದೆ, ಸಾಕಲ್ವಾ? ಊರಿನವರ ಹೊಟ್ಟೆಯನ್ನೆಲ್ಲ ಬಸದಿಗೆ ಬರೆದುಕೊಡಲಿಲ್ಲ."

ಮುದ್ದಣ್ಣನಿಗೆ ನಗು ಬಂತು. ಅಕ್ಕ ನೋಡಿದರು, ನಗು ಹುಳಿಯೊಂದಿಗೆ ಗಂಟಲಿಗಿಳಿಯಿತು.

"ಚಾವಡಿ ಬೇಕಾದ ಹಾಗೆ ಮಾಡಿಕೊಳ್ಳಿ, ಉಪ್ಪರಿಗೆಯನ್ನೂ ಮಾಡಿಕೊಳ್ಳಿ," ಎಂದರು ಸುಗಂಧಿಯಮ್ಮ. "ಅಡುಗೆಮನೆಗೆ ಒಂದು ಮೊಳೆ ಬಿದ್ದರೆ ಕೆಲಸದವರನ್ನು ಹೊರಗೆ ಕಳುಹಿಸುತ್ತೇನೆ. ಮನೆ ನನ್ನದು, ನೆನಪಿರಲಿ."

"ಮರೆಯಲು ನೀವು ಬಿಟ್ಟದ್ದು ಯಾವಾಗ ಅತ್ತೆ?"

"ಬಿಟ್ಟಿದ್ದರೆ ನೀನು ಇಷ್ಟು ಹೊತ್ತಿಗೆ ಬಾಗಿಲಿಗೆ ನಿನ್ನ ಹೆಸರು ಹಾಕುತ್ತಿದ್ದೆ. ಮಜ್ಜಿಗೆ ಬೇಕಾ?"

"ಬೇಡ."

ಒಪ್ಪಿಗೆ ಸಿಕ್ಕಿದ್ದು ಹೀಗೆ.

ಕೆಲಸ ಆರಂಭವಾಯಿತು. ಹೆಂಚು ಇಳಿಯಿತು, ಗೋಡೆಯ ಹಳೆಯ ಸುಣ್ಣ ಉದುರಿತು. ಧೂಳು ಅನ್ನದ ಮೇಲೂ ಕೂರತೊಡಗಿತು. ಸುಗಂಧಿಯಮ್ಮ ಕೆಮ್ಮಿದರು, ಕೆಮ್ಮಿನ ನಡುವೆಯೂ ಬಡಗಿಗೆ ಬೈದರು. ಕೆತ್ತನೆಯ ಕಂಬಗಳಿಗೆ ಅವನು ಹಚ್ಚುತ್ತಿದ್ದ ವಾರ್ನಿಷಿನ ವಾಸನೆಗೆ ಅವರ ತಲೆ ಸಿಡಿಯುತ್ತಿತ್ತು. ಕೊನೆಗೆ ಭವ್ಯಶ್ರೀ ತಾಯಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಕಾಪುವಿನಲ್ಲಿರುವ ಚಿಕ್ಕಮ್ಮ ಕಮಲಳ ಮನೆಗೆ ಅವರನ್ನು ಬಿಟ್ಟು ಬಂದಳು. ಕಮಲಳ ಮನೆಯಲ್ಲಿ ತೆರೆದ ಬಾವಿ ಇದ್ದುದರಿಂದ ಸುಗಂಧಿಯಮ್ಮ ಹೊರಟರು; ಇಲ್ಲದಿದ್ದರೆ ಹೊರಡುತ್ತಿರಲಿಲ್ಲ.

ಅವರು ಅಲ್ಲಿದ್ದಾಗ ಹರ್ಷಿತ್ ಮುದ್ದಣ್ಣನನ್ನು ಬಾವಿಕಟ್ಟೆಯ ಬಳಿಗೆ ಕರೆದ.

"ಮಾವ, ಈ ಬಾವಿ ಉಂಟಲ್ಲ, ಇಡೀ ಮನೆಯಲ್ಲಿ ಇದರಷ್ಟು ಚಂದದ್ದು ಬೇರೆ ಇಲ್ಲ. ಕೆಂಪು ಮುರಕಲ್ಲಿನ ಸುತ್ತು ನೋಡಿ. ಬಾಯಿಗೆ ದಪ್ಪ ಗಾಜು ಹಾಕಿ, ಒಳಗೆ ಲೈಟು ಬಿಟ್ಟರೆ, ಸುತ್ತ ಕೂತು ಕಾಫಿ ಕುಡಿಯುವವರಿಗೆ ತಳದವರೆಗೆ ಕಾಣುತ್ತದೆ. ಮಕ್ಕಳು ಬೀಳುವ ಹೆದರಿಕೆಯೂ ಇಲ್ಲ."

"ಅಕ್ಕನ ನೀರು?"

"ಮೋಟಾರು ಇಡುತ್ತೇವೆ. ಅವರ ಒಲೆಯ ಪಕ್ಕಕ್ಕೇ ನಳ್ಳಿ. ಅದೇ ಬಾವಿ, ಅದೇ ನೀರು. ಸೇದುವ ಕೆಲಸವೂ ಇಲ್ಲ."

ಮುದ್ದಣ್ಣ ಆ ಅಡುಗೆಮನೆಯ ನೀರು ಕುಡಿದೇ ಬೆಳೆದವರು. ಅಕ್ಕ ತಂಬಿಗೆ ಇಳಿಸುವುದನ್ನು ದಿನವೂ ಕಂಡವರು. ಆದರೂ ಅವರ ತಲೆಗೆ ಹೊಳೆದದ್ದು ಮೇಲೆ ಬರುವ ನೀರು ಮಾತ್ರ. "ಅಡುಗೆಮನೆಗೆ ಮೊಳೆ ಹೊಡೆಯಬೇಡ ಅಂದಿದ್ದಾಳೆ. ಬಾವಿ ಹೊರಗೆ ಉಂಟಲ್ಲ. ಹಾಕಿಸು," ಎಂದರು.

ಸುಗಂಧಿಯಮ್ಮ ಕಾಪುವಿನಿಂದ ಮರಳಿದ್ದು ಒಂದು ಬೆಳಿಗ್ಗೆ. ಚಾವಡಿಯ ಕೆಂಪು ನೆಲವನ್ನು ನೋಡಿದರು. ಉಪ್ಪರಿಗೆಗೆ ಹತ್ತಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ, ಸೆರಗು ಸಿಕ್ಕಿಸಿ, ಕಿಟಕಿಯ ಬಾಗಿಲು ತೆರೆದರು.

ರಾಟೆ ಇತ್ತು, ಹುಣಸೆಹಣ್ಣಿನಲ್ಲಿ ಉಜ್ಜಿ ಹೊಳಪು ಕೊಟ್ಟಿದ್ದರು. ಹಗ್ಗವಿರಲಿಲ್ಲ. ರಾಟೆಗೆ ಚಿತ್ರ ಬರೆದ ಮಣ್ಣಿನ ಗಡಿಗೆಯೊಂದನ್ನು ತೂಗಿಬಿಟ್ಟಿದ್ದರು. ಅದರ ಕೆಳಗೆ, ಬಾವಿಯ ಬಾಯಿಯ ಅಂಚಿನಿಂದ ಅಂಚಿಗೆ, ಗಾಜು. ಗಾಜಿನ ಕೆಳಗೆ ಹಗಲಿನಲ್ಲಿಯೂ ನೀಲಿ ದೀಪ ಉರಿಯುತ್ತಿತ್ತು.

"ಮುದ್ದಣ್ಣ!"

ಮೂವರೂ ಬಂದರು.

"ಇದು ಎಂತದ್ದು?"

"ಗಾಜು ಅಕ್ಕ. ಅಲ್ಲಿ ನೋಡು, ನಿನಗೆ ನಳ್ಳಿ ಉಂಟು."

"ಸೋಸಿದ್ದನ್ನು ಎಲ್ಲಿಗೆ ಬಿಡಲಿ? ನಿನ್ನ ಬಾಯಿಗಾ?"

ಮುದ್ದಣ್ಣ ಗಾಜನ್ನು ನೋಡಿದರು; ಆಮೇಲೆ ನಳ್ಳಿಯನ್ನು; ಮತ್ತೆ ಗಾಜನ್ನು. ಆಗ ಅವರಿಗೆ ಅರ್ಥವಾಯಿತು.

ಉತ್ತರ ಕೊಟ್ಟವನು ಹರ್ಷಿತ್. "ನೀವು ಅಡುಗೆಮನೆ ಮುಟ್ಟಬಾರದು ಅಂದಿರಿ. ಮುಟ್ಟಲಿಲ್ಲ. ಬಾವಿಯ ವಿಷಯ ಹೇಳಲಿಲ್ಲ ನೀವು."

"ಉಸಿರಾಡಲು ಬಿಡು ಅಂತಲೂ ಹೇಳಿರಲಿಲ್ಲ. ಅದನ್ನೂ ಮುಚ್ಚುತ್ತೀಯಾ?"

"ಅಮ್ಮ, ಸಾಮಾನ್ಯ ವಿಷಯಕ್ಕೆ ಇಷ್ಟು ದೊಡ್ಡ ಮಾತು ಬೇಡ," ಎಂದಳು ಭವ್ಯಶ್ರೀ. "ನಳ್ಳಿಗೆ ಬಟ್ಟೆ ಕಟ್ಟಿ. ಉಳಿದದ್ದನ್ನು ತೋಟಕ್ಕೆ ಚೆಲ್ಲಿ. ಯಾರು ನೋಡುತ್ತಾರೆ?"

"ನಾನು ನೋಡುತ್ತೇನೆ."

"ಹಾಗಾದರೆ ನೋಡಿಕೊಂಡು ಇರಿ. ನನಗೆ ಬಸ್ಸಿಗೆ ಹೊತ್ತಾಯಿತು."

ಆ ದಿನ ಸುಗಂಧಿಯಮ್ಮ ಉಣ್ಣಲಿಲ್ಲ, ನೀರನ್ನೂ ಕುಡಿಯಲಿಲ್ಲ. ಮಧ್ಯಾಹ್ನ ಹರ್ಷಿತ್ ಹೊಸ ಅಡುಗೆಕೋಣೆಯ ಗ್ಯಾಸಿನಲ್ಲಿ ಅನ್ನ ಮಾಡಿ, ಬೇಕೆಂದೇ ಅತ್ತೆಯ ಬಾಗಿಲಿನ ಎದುರು ಕುಳಿತು ಉಂಡ. ಮುದ್ದಣ್ಣನಿಗೆ ಹಸಿವು ತಡೆಯಲಾಗಲಿಲ್ಲ. ಹಿತ್ತಿಲಿಗೆ ಹೋಗಿ ನಿಂತೇ ಉಂಡು ಬಂದರು.

ಮರುದಿನ ಸುಗಂಧಿಯಮ್ಮ ಕೊಡಪಾನ, ಹಗ್ಗ, ಬಟ್ಟೆ, ತಂಬಿಗೆ ಹಿಡಿದು ಬೀದಿಗಿಳಿದರು. ಬಸದಿಯ ಬಾವಿಗೆ ಕಬ್ಬಿಣದ ಬಲೆ. ನೆಂಟರ ಮನೆಗಳ ಬಾವಿಗಳಿಗೆ ಕಾಂಕ್ರೀಟ್ ಮುಚ್ಚಳ, ಮೋಟಾರು. ತೆರೆದ ಬಾವಿ ಉಳಿದಿದ್ದುದು ಒಂದೇ ಕಡೆ: ಪಕ್ಕದ ಹಿತ್ತಿಲಿನ ಕ್ರೈಸ್ತ ಬಾಯಮ್ಮ ಸಿಸಿಲಿಯಾಳಲ್ಲಿ. ಅವಳ ಕೋಳಿಗಳು ಬೇಲಿ ದಾಟುತ್ತವೆಂದು, ಮೀನಿನ ನೀರು ಈಚೆಗೆ ಹರಿಯುತ್ತದೆಂದು ಸುಗಂಧಿಯಮ್ಮ ಅವಳೊಂದಿಗೆ ಮಾಡಿದ ಜಗಳಗಳಿಗೆ ಲೆಕ್ಕವಿಲ್ಲ.

ಸಿಸಿಲಿಯಾ ಬಾವಿಕಟ್ಟೆಯ ಮೇಲೆ ಬೂತಾಯಿ ಮೀನು ಹೆಚ್ಚಲು ಕುಳಿತಿದ್ದಳು.

"ಬಾಯಮ್ಮ, ನೀರು ಬೇಕಿತ್ತು."

ಸಿಸಿಲಿಯಾ ಕತ್ತಿ ಕೆಳಗಿಟ್ಟಳು. "ನಿಮ್ಮದಕ್ಕೆ ಎಂತ ಆಯಿತು? ಪೇಪರಿನಲ್ಲಿ ಹಾಕುವ ಹಾಗೆ ಲೈಟೆಲ್ಲ ಉಂಟಂತಲ್ಲ."

"ಲೈಟು ಕುಡಿಯಲು ಬರುವುದಿಲ್ಲ."

"ನನ್ನ ಬಾವಿಯಲ್ಲಿ ನನ್ನ ಕೊಡಪಾನ ಇಳಿಯುತ್ತದೆ. ನಿಮಗೆ ನಡೆಯುತ್ತದಾ? ಕೋಳಿಯ ಪುಕ್ಕ ಹಾರಿ ಬಂದದ್ದಕ್ಕೆ ಪಂಚಾಯತಿ ಮಾಡಿದವರು ನೀವು."

"ಬಾವಿಗೆ ಜಾತಿ ಇಲ್ಲ."

"ಈ ಮಾತನ್ನು ಹೋದ ವರ್ಷ ಹೇಳಿದ್ದರೆ ಇಬ್ಬರ ಗಂಟಲೂ ಉಳಿಯುತ್ತಿತ್ತು, ಸುಗಂಧಿಯಮ್ಮ." ಅವಳು ಮೀನಿನ ಪಾತ್ರೆಯನ್ನು ಎತ್ತಿಕೊಂಡು ಎದ್ದಳು. "ಸೇದಿ. ನಾನು ಒಳಗೆ ಹೋಗುತ್ತೇನೆ, ನಿಮಗೆ ವಾಸನೆ ಬೇಡ. ಆದರೆ ನಿಮ್ಮ ಮಗಳು ಬಂದು ನನ್ನನ್ನು ಕೇಳಿದರೆ, ನಾನು ಕರೆಯಲಿಲ್ಲ ಅಂತ ಹೇಳುವವಳೇ."

ಆ ದಿನದಿಂದ ದಿನವೂ ಹೀಗೆಯೇ. ಪಡುಮನೆಯ ಯಜಮಾನಿ ತಲೆ ಎತ್ತಿ ಬೀದಿಯಲ್ಲಿ ನಡೆದು, ಪಕ್ಕದ ಹಿತ್ತಿಲಿನಲ್ಲಿ ನೀರು ಸೇದಿ, ಅಲ್ಲಿಯೇ ಸೋಸಿ, ತಂಬಿಗೆಯನ್ನು ಅಲ್ಲಿಯೇ ಇಳಿಸಿ, ಸೊಂಟದಲ್ಲಿ ಕೊಡಪಾನವಿಟ್ಟುಕೊಂಡು ಹೊಳೆಯುವ ಚಾವಡಿಯ ನಡುವಿನಿಂದಲೇ ಒಳಗೆ ಬರುತ್ತಿದ್ದರು. ಹಿತ್ತಿಲಿನ ದಾರಿ ಹತ್ತಿರವಿತ್ತು. ಅದನ್ನು ಅವರು ಹಿಡಿಯಲಿಲ್ಲ. ಕಾವಿ ನೆಲದ ಮೇಲೆ ಬಿದ್ದ ಹನಿಗಳನ್ನು ಹರ್ಷಿತ್ ಪ್ರತಿದಿನ ಒರೆಸಿದ.

ಮಾತು ಮಣಿಪಾಲಕ್ಕೂ ಮುಟ್ಟಿತು. ಕಾರ್ಕಳದಿಂದ ಬರುವ ಸಹೋದ್ಯೋಗಿ ಟೀನಾ ಊಟದ ಹೊತ್ತಿಗೆ, "ನಿಮ್ಮ ಹೆರಿಟೇಜ್ ಮನೆಯಲ್ಲಿ ನೀರಿಲ್ಲವಾ ಭವ್ಯಾ? ನಿಮ್ಮ ಅಮ್ಮ ಕೊಡ ಹಿಡಿದು ಹೋಗುವುದನ್ನು ಬಸ್ಸಿನಿಂದ ಕಂಡೆ," ಎಂದಳು. ಭವ್ಯಶ್ರೀ ಅಂದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದಳು.

"ನನ್ನ ಮಾನ ತೆಗೆಯಲಿಕ್ಕೇ ಹೊರಟಿದ್ದೀರಾ?"

"ನೀರು ತರಲು ಹೊರಟೆ."

"ಚಾವಡಿಯಲ್ಲೇ ಬರಬೇಕಾ?"

"ನನ್ನ ಚಾವಡಿ."

"ಬರುವ ತಿಂಗಳು ಜನ ಬರುತ್ತಾರೆ. ಅವರ ಎದುರೂ ಹೀಗೆಯೇ?"

"ಅವರು ಹಳೆಯ ಕಾಲ ನೋಡಲು ತಾನೆ ಬರುವುದು? ನೋಡಲಿ."

ಹರ್ಷಿತ್ ಉಪ್ಪರಿಗೆಯ ಮೆಟ್ಟಿಲಿನಿಂದ, "ಟಿಕೆಟ್ ಇಡುವ," ಎಂದ.

"ನೀನು ಸುಮ್ಮನಿರು. ಹೆಂಡತಿಯ ಮನೆಯ ಅನ್ನ ಉಣ್ಣುವವನು ನಮ್ಮಿಬ್ಬರ ನಡುವೆ ಬಾಯಿ ಹಾಕಬೇಡ."

ಹರ್ಷಿತ್ ಮೆಟ್ಟಿಲಿಳಿದು ಬಂದ. "ಬಹರೈನಿನಲ್ಲಿ ಕಂಡವರ ಎಂಜಲು ತಟ್ಟೆ ಎತ್ತಿದ್ದೇನೆ. ಆ ಹಣದಲ್ಲಿ ನಿಮ್ಮ ಮಾಡು ಹೊಸದಾಗಿದೆ. ಅನ್ನ ಯಾರದ್ದು ಅಂತ ತಲೆ ಎತ್ತಿ ಹೆಂಚು ನೋಡಿ ಹೇಳಿ."

ಯಾರೂ ತಲೆ ಎತ್ತಲಿಲ್ಲ. ಆ ಸಂಜೆ ಮನೆಯಲ್ಲಿ ಎರಡು ಒಲೆಗಳಲ್ಲಿಯೂ ಮಾಡಿದ ಅಡುಗೆ ಉಳಿಯಿತು.

ಮೊದಲ ಅತಿಥಿಗಳ ದಿನ ಗೊತ್ತಾಯಿತು. ಅಷ್ಟರೊಳಗೆ ಮನೆಯೊಳಗೆ ಹೇಗಾದರೂ ಶಾಂತಿಯಾಗಬೇಕೆಂದು ಮುದ್ದಣ್ಣನಿಗೆ ಅನಿಸಿತು. ತಪ್ಪು ತಮ್ಮದೆಂದು ಅವರಿಗೆ ಗೊತ್ತಿತ್ತು. ಹೇಳಿಕೊಳ್ಳುವುದು ಯಜಮಾನಿಕೆಗೆ ಸಲ್ಲದೆಂದೂ ಅವರು ತಿಳಿದಿದ್ದರು. ಆದುದರಿಂದ ಹೇಳದೆ ಸರಿಪಡಿಸಲು ಹೊರಟರು. ಗಾಜಿನ ನಡುವೆ ತಂಬಿಗೆ ಇಳಿಯುವಷ್ಟು ತೂತು ಕೊರೆಸಿದರೆ ಸಾಕಲ್ಲವೇ? ಗಾಜೂ ಉಳಿಯುತ್ತದೆ, ನೇಮವೂ ಉಳಿಯುತ್ತದೆ. ಹರ್ಷಿತ್ ಉಡುಪಿಗೆ ಹಾಸಿಗೆ ತರಲು ಹೋದ ದಿನ ನೋಡಿ, ಕಿಟಕಿಗೆ ಗಾಜು ಕೂರಿಸುವವನೊಬ್ಬನನ್ನು ಪೇಟೆಯಿಂದ ಕರೆತಂದರು.

"ಆಗುತ್ತದಾ?"

"ಆಗದೆ ಎಂತ? ನೀರು ಬಿಡುತ್ತಾ ಕೊರೆದರೆ ಬೆಣ್ಣೆಯ ಹಾಗೆ ಹೋಗುತ್ತದೆ," ಎಂದ ಅವನು.

ಸುಗಂಧಿಯಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಬೇಡವೆನ್ನಲಿಲ್ಲ. ಯಂತ್ರದ ಮೊನೆ ಗಾಜಿಗೆ ತಾಗಿ ಸ್ವಲ್ಪ ಹೊತ್ತು ಕಿರುಗುಟ್ಟಿತು. ಆಮೇಲೆ ಹುಲ್ಲಿನ ಮುಡಿಯಿಂದ ಅಕ್ಕಿ ಸುರಿದಂಥ ಒಂದು ಸದ್ದು. ಬಾವಿಯ ಬಾಯಿಯ ಮೇಲೆ ಏನೂ ಉಳಿದಿರಲಿಲ್ಲ. ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕೊರೆಯಲಾಗದೆಂಬುದು ಮುದ್ದಣ್ಣನಿಗೂ ಕೊರೆಯುವವನಿಗೂ ಗೊತ್ತಿರಲಿಲ್ಲ. ಹಾಳೆಯಷ್ಟೂ ಕಲ್ಲುಸಕ್ಕರೆಯ ಗಾತ್ರದ ಚೂರುಗಳಾಗಿ ನೀರಿನೊಳಗಿತ್ತು.

"ನಿಮ್ಮ ಕೂಲಿ ಬೇಡ," ಎಂದು ಆ ಮನುಷ್ಯ ಯಂತ್ರ ಎತ್ತಿಕೊಂಡು ಹೋದ.

ಸಂಜೆ ಹರ್ಷಿತ್ ಹಾಸಿಗೆಗಳೊಂದಿಗೆ ಬಂದ. ಬಾವಿಯ ಕಟ್ಟೆಗೆ ಕೈಯೂರಿ ಒಳಗೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ಮಾವ, ಅತ್ತೆ ನನ್ನನ್ನು ಹೊರಗಿನವನು ಅನ್ನುತ್ತಾರೆ. ಸರಿ. ಹೊರಗಿನವನು ಕಟ್ಟಿದ. ಒಳಗಿನವರು ನೀವು ಒಡೆದಿರಿ."

"ಒಳ್ಳೆಯದಕ್ಕೆ ಮಾಡಲು ಹೋದೆ ಮಾರಾಯ."

"ಇನ್ನು ಮುಂದೆ ಕೆಟ್ಟದಕ್ಕೇ ಮಾಡಿ. ಕಡಿಮೆ ಹಾಳಾಗುತ್ತದೆ."

ಮನೆಯಲ್ಲಿ ಈಗ ಯಾರಿಗೂ ನೀರಿಲ್ಲ. ಬಾವಿಯನ್ನು ಪೂರ್ತಿ ಖಾಲಿ ಮಾಡಿ ಚೂರುಗಳನ್ನು ಹೆಕ್ಕಿ ತೆಗೆಯುವುದೊಂದೇ ದಾರಿ. ಬಾವಿ ಕೆಲಸದ ಇಬ್ಬರು ಮರುದಿನ ಬೆಳಿಗ್ಗೆ ದೊಡ್ಡ ಪಂಪಿನೊಂದಿಗೆ ಬಂದರು. ಪಂಪಿನ ಕೊಳವೆಯನ್ನು ಒಳ ಅಂಗಳದ ತೂಬಿಗೆ ಬಿಡುವುದೆಂದಾಯಿತು. ಸುಗಂಧಿಯಮ್ಮ ಬಂದು ಕೊಳವೆಯ ಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಕೈಯಲ್ಲಿ ಸೀರೆಯಷ್ಟು ಅಗಲದ ಬಿಳಿ ಬಟ್ಟೆ, ಪಕ್ಕದಲ್ಲಿ ಮದುವೆಗೆ ಪಾಯಸ ಮಾಡುವ ಹಂಡೆ.

"ಅತ್ತೆ, ಏಳಿ."

"ಒಂದು ಹನಿಯೂ ಸೋಸದೆ ಹೋಗುವುದಿಲ್ಲ. ಇದರಲ್ಲಿರುವುದನ್ನೆಲ್ಲ ಈ ಹಂಡೆಯಲ್ಲಿಟ್ಟುಕೊಂಡು, ಒರತೆ ತುಂಬಿದ ಮೇಲೆ ತಿರುಗಿ ಬಿಡುತ್ತೇನೆ."

"ಇಡೀ ಬಾವಿಯನ್ನಾ?"

"ಇಡೀ ಬಾವಿಯನ್ನು ಹಾಳು ಮಾಡಿದ್ದು ನಾನಲ್ಲ."

"ಇವರಿಗೆ ದಿನಗೂಲಿ. ನಿಮ್ಮ ಹುಳ ಹೆಕ್ಕುವವರೆಗೆ ಕಾಯುತ್ತಾರಾ?"

"ಕಾಯದಿದ್ದರೆ ಹೋಗಲಿ. ಬಾವಿ ನನ್ನದು. ನಾನು ಬೇಡ ಅಂದರೆ ಅವರು ಇಳಿಯುವುದಿಲ್ಲ. ಏನು, ಇಳಿಯುತ್ತೀರಾ?" ಎಂದು ಅವರು ಕೆಲಸದವರನ್ನೇ ಕೇಳಿದರು. ಕೆಲಸದವರು ಪರಸ್ಪರ ನೋಡಿಕೊಂಡು ಬೀಡಿ ಹಚ್ಚಲು ಹೊರಗೆ ಹೋದರು.

ಹರ್ಷಿತ್ ಪಂಪು ಹಾಕಿ, ಚಾವಡಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತ. ನೀರು ಕೊಳವೆಯಿಂದ ಮುಷ್ಟಿಯಂತೆ ನುಗ್ಗಿತು. ಒಬ್ಬರ ಕೈಯಲ್ಲಿ ಆ ಬಟ್ಟೆ ನಿಲ್ಲುವಂಥದಲ್ಲ. ಮುದ್ದಣ್ಣ ಇನ್ನೊಂದು ತುದಿ ಹಿಡಿಯಲು ಬಾಗಿದರು.

"ನೀನು ಬೇಡ. ನೀನು ಹಿಡಿದದ್ದು ಸಾಕು."

ಬಟ್ಟೆ ಜಾರಿತು. ನೀರು ತೂಬನ್ನು ಬಿಟ್ಟು ಅಂಗಳದಲ್ಲಿ ಹರಡಿ, ಚಾವಡಿಯ ಮೆಟ್ಟಿಲ ಕಡೆಗೆ ಹೊರಟಿತು. ಕಾಲೇಜಿಗೆ ಹೊರಟಿದ್ದ ಭವ್ಯಶ್ರೀ ಚೀಲ ಹೆಗಲಿಗೇರಿಸಿ ಅಲ್ಲಿಯೇ ನಿಂತಿದ್ದಳು. ಕಾವಿ ನೆಲದ ಅಂಚನ್ನು ನೋಡಿದಳು. ಚೀಲವನ್ನು ಕಂಬಕ್ಕೆ ನೇತುಹಾಕಿ, ಸೀರೆ ಎತ್ತಿ ಕಟ್ಟಿ, ತಾಯಿಯ ಎದುರು ಕುಳಿತು ಬಟ್ಟೆಯ ತುದಿ ಹಿಡಿದಳು.

"ಎತ್ತಿ ಹಿಡಿ. ಹೊರಗೆ ಹೋಗುತ್ತದೆ."

"ಹಿಡಿದಿದ್ದೇನೆ."

"ಹೀಗಾ ಹಿಡಿಯುವುದು? ನಿನಗೆ ಕಲಿಸಿದ್ದೆ."

"ನೀವು ಕಲಿಸಿದ್ದು ನನಗೆ ಚೆನ್ನಾಗಿ ನೆನಪುಂಟು. ಹತ್ತನೇ ಕ್ಲಾಸಿನಲ್ಲಿ ಉಡುಪಿಯಲ್ಲಿ ಭಾಷಣದ ಸ್ಪರ್ಧೆ ಮುಗಿಸಿ ಬರುವಾಗ ಬಸ್ಸು ಕೆಟ್ಟಿತು. ಮನೆ ಮುಟ್ಟುವಾಗ ಕತ್ತಲೆ. ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿದ್ದಿರಿ."

"ಹೌದು."

"ಬೆಳಿಗ್ಗೆಯಿಂದ ಉಂಡಿರಲಿಲ್ಲ ನಾನು. ಒಂದು ಲೋಟ ಹಾಲು ಕೊಡಲಿಲ್ಲ ನೀವು."

"ಕೊಡಲಿಲ್ಲ. ನಾನೂ ಉಂಡಿರಲಿಲ್ಲ ಅಂದು. ನಿನಗಾಗಿ ಕಾದೆ, ಹೊತ್ತು ಮುಳುಗಿತು."

ಭವ್ಯಶ್ರೀಯ ಕೈ ಒಂದು ಕ್ಷಣ ಸಡಿಲವಾಯಿತು. ಗಾಜಿನ ಚೂರುಗಳು ಬಟ್ಟೆಯ ನಡುವಿಗೆ ಉರುಳಿದವು.

"ಇಷ್ಟು ವರ್ಷ ಅದನ್ನು ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಿನ್ನ ಹೊಟ್ಟೆ ತುಂಬುತ್ತಿತ್ತಾ?"

"ಈಗಲೂ ತುಂಬಲಿಲ್ಲ."

"ಹಾಗಾದರೆ ಬಟ್ಟೆ ಸರಿಯಾಗಿ ಹಿಡಿ."

ಹಿಡಿದಳು. ಚೂರೊಂದು ಬೆರಳಿಗೆ ತಾಗಿ ರಕ್ತ ಬಂತು. "ಅದಕ್ಕೆ ರಕ್ತ ಬೀಳಿಸಬೇಡ," ಎಂದರು ತಾಯಿ. "ನನಗೆ ನೋವಾಯಿತಾ ಅಂತ ಕೇಳುವ ಕ್ರಮ ಇಲ್ಲವಾ ನಿಮ್ಮ ನೇಮದಲ್ಲಿ?" ಎಂದಳು ಮಗಳು. "ಕಾಣುತ್ತದಲ್ಲ, ಕೇಳುವುದು ಎಂತ?" ಎಂದು ಸುಗಂಧಿಯಮ್ಮ ತಮ್ಮ ಸೆರಗಿನ ತುದಿಯನ್ನು ಹಲ್ಲಿನಿಂದ ಹರಿದು ಎಸೆದರು. ಅದನ್ನು ಭವ್ಯಶ್ರೀ ತಾನೇ ಕಟ್ಟಿಕೊಂಡಳು.

ನಡುನಡುವೆ ಬಟ್ಟೆಯನ್ನು ಹಂಡೆಯಲ್ಲಿ ತೊಳೆದು, ಗಾಜನ್ನು ಬೇರೆ ಬುಟ್ಟಿಗೆ ಸುರಿದು, ಮತ್ತೆ ಹಿಡಿದರು. ಕೆಲಸದವರು ಬಾವಿಗೆ ಇಳಿದು ತಳವನ್ನು ಗೋರಿ, ಕೆಸರನ್ನು ಮೇಲೆ ಕಳುಹಿಸಿದರು. ಕೆಸರೂ ಬಟ್ಟೆಯ ಮೂಲಕವೇ ಹೋಯಿತು. ಮಧ್ಯಾಹ್ನ ಹರ್ಷಿತ್ ಕೆಲಸದವರಿಗೂ ಮುದ್ದಣ್ಣನಿಗೂ ಊಟ ಹಾಕಿದ. ಅಂಗಳದಲ್ಲಿದ್ದ ಇಬ್ಬರನ್ನು ಕರೆಯಲಿಲ್ಲ; ಕರೆದಿದ್ದರೂ ಏಳುತ್ತಿರಲಿಲ್ಲ. ಆ ದಿನ ತಾಯಿ ಮಗಳು ಆಡಿಕೊಂಡ ಮಾತುಗಳಲ್ಲಿ ಒಂದೂ ಸಿಹಿಯಾಗಿರಲಿಲ್ಲ. ಚಿನ್ನದ ಬಳೆಯಿಂದ ಹಿಡಿದು ಮದುವೆಯ ಊಟದವರೆಗೆ ಹಳೆಯದೆಲ್ಲ ಮೇಲೆ ಬಂತು. ಬಿಸಿಲು ಇಳಿಯುವ ಮೊದಲು ಬಾವಿಯ ತಳ ಕಂಡಿತು.

ಒರತೆ ಮರುದಿನಕ್ಕೆ ಮೊಳಕಾಲೆತ್ತರ ನೀರು ಕೊಟ್ಟಿತು. ಸುಗಂಧಿಯಮ್ಮ ಹಂಡೆಯಲ್ಲಿದ್ದುದನ್ನು ತಂಬಿಗೆ ತಂಬಿಗೆಯಾಗಿ ಇಳಿಸುತ್ತಿದ್ದಾಗ ಹರ್ಷಿತ್ ಫೋನಿನಲ್ಲಿ ಮಾತಾಡುತ್ತಾ ಬಾವಿಕಟ್ಟೆಯ ಬಳಿಗೆ ಬಂದ.

"ಅದೇ ಅಳತೆ. ಮಂಗಳೂರಿನಿಂದ ಈ ವಾರವೇ ಕಳುಹಿಸಿ."

"ಎಂತದ್ದು?" ಭವ್ಯಶ್ರೀ ಕೇಳಿದಳು.

"ಗಾಜು. ಬೇರೆ ಎಂತದ್ದು?"

"ಬೇಡ."

"ಎಂತ ಬೇಡ? ಬುಕ್ ಮಾಡಿದವರು ಅದರ ಫೋಟೋ ನೋಡಿ ಮಾಡಿದ್ದಾರೆ."

"ಆ ಫೋಟೋವನ್ನೇ ತೆಗೆದುಹಾಕಿ."

"ಅಮ್ಮನ ಪಕ್ಷ ಸೇರಿದೆಯಾ?"

"ಯಾರ ಪಕ್ಷವೂ ಅಲ್ಲ. ನಿನ್ನೆಯ ಹಾಗೆ ಇನ್ನೊಂದು ಸಲ ಅವರ ಎದುರು ಕುಳಿತುಕೊಳ್ಳಲು ನನ್ನಿಂದ ಆಗುವುದಿಲ್ಲ. ಅವರು ಸಾಯುವವರೆಗೆ ಬಾವಿ ತೆರೆದೇ ಇರಲಿ."

ಸುಗಂಧಿಯಮ್ಮ ಕಿಟಕಿಯ ಒಳಗಿನಿಂದ, "ಸತ್ತ ಮೇಲೆ ಮುಚ್ಚುತ್ತೀರಾ?" ಎಂದರು.

"ಹೌದು," ಎಂದಳು ಮಗಳು.

"ಸರಿ. ಆಗ ನನಗೆ ನೀರು ಬೇಕಾಗುವುದಿಲ್ಲ."

ಒಪ್ಪಂದವೆಂದರೆ ಅಷ್ಟೇ. ಉಳಿದದ್ದು ತಾನಾಗಿ ಕೂಡಿಕೊಂಡಿತು. ರಾಟೆಯ ಬಣ್ಣದ ಗಡಿಗೆ ಹೋಯಿತು, ಹಗ್ಗ ಬಂತು. ಬಾವಿಯ ಹೊರಬದಿಗೆ ಎದೆಯೆತ್ತರದ ಮರದ ಬೇಲಿ ಬಂತು. ಅಡುಗೆಮನೆಯಿಂದ ಅಂಗಳಕ್ಕಿರುವ ಬಾಗಿಲಿಗೆ ಸುಗಂಧಿಯಮ್ಮ ಒಳಗಿನಿಂದ ಚಿಲಕ ಹಾಕಿಸಿದರು. ಅವರು ಒಳಗೆ ಒಬ್ಬರೇ ಅಡುಗೆ ಮಾಡಿ ಒಬ್ಬರೇ ಉಂಡರು. ಮಗಳು, ಅಳಿಯ ಹಿತ್ತಿಲಿನ ಅಡುಗೆಕೋಣೆಯಲ್ಲಿ ಉಂಡರು. ಮುದ್ದಣ್ಣ ಸಂಜೆ ಅಕ್ಕನ ಬಳಿ ಒಮ್ಮೆ, ಕತ್ತಲಾದ ಮೇಲೆ ಹಿತ್ತಿಲಿನಲ್ಲಿ ಒಮ್ಮೆ ಉಂಡರು. ಎರಡೂ ಕಡೆ ಬೈಗಳನ್ನೂ ಉಂಡರು.

ಅತಿಥಿಗಳು ಬಂದರು. ಮಗನನ್ನು ಮಣಿಪಾಲದ ಹಾಸ್ಟೆಲಿಗೆ ಸೇರಿಸಿ ಬಂದ ಮೈಸೂರಿನ ದಂಪತಿ. ಚಾವಡಿಯ ಕಂಬಗಳನ್ನು ಮುಟ್ಟಿ ನೋಡಿದರು. ತಲೆಬಾಗಿಲಿನ ಕೆತ್ತನೆಯ ಚಿತ್ರ ತೆಗೆದರು. ದೀಪ ಹಚ್ಚಿದ ಹೊತ್ತಿನಲ್ಲಿ ಗಂಡಸು ಬಾವಿಯ ಬೇಲಿಯ ಬಳಿ ಸುತ್ತಾಡುತ್ತಾ ಕಿಟಕಿಯನ್ನು ಕಂಡರು. ಒಳಗೆ ಸುಗಂಧಿಯಮ್ಮ ಕತ್ತಲಲ್ಲಿ ಕುಳಿತು ಜಪ ಮಾಡುತ್ತಿದ್ದರು.

"ಅಮ್ಮಾ, ಈ ಬಾವಿಯ ನೀರು ಒಂದು ಲೋಟ ಸಿಗಬಹುದೇ? ಅಡುಗೆಮನೆಯೊಳಗಿಂದಲೇ ಸೇದುವುದನ್ನು ನಾನು ಎಲ್ಲಿಯೂ ಕಂಡಿಲ್ಲ."

"ಹೊತ್ತು ಮುಳುಗಿತು. ಕತ್ತಲಲ್ಲಿ ಸೋಸಿದರೆ ಬಟ್ಟೆಯಲ್ಲಿ ಎಂತ ಉಂಟು ಅಂತ ಕಾಣುವುದಿಲ್ಲ," ಎಂದರು ಅವರು, ಮತ್ತು ಕಿಟಕಿಯ ಬಾಗಿಲನ್ನು ಮುಚ್ಚಿದರು.

ಭವ್ಯಶ್ರೀ ಹಿತ್ತಿಲಿನಿಂದ ನೀರಿನ ಬಾಟಲಿ ತಂದಳು. ಆ ಮನುಷ್ಯ ಮುಚ್ಚಿದ ಕಿಟಕಿಯ ಕಡೆಗೆ ಕೈ ತೋರಿಸಿದರು.

"ಅವರು ಯಾರು?"

"ಈ ಮನೆ ಅವರದ್ದು."

"ಹಾಗಾದರೆ ನೀವು?"

ಭವ್ಯಶ್ರೀ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಲೋಟಕ್ಕೆ ನೀರು ಬಗ್ಗಿಸಿ ಅವರ ಕೈಗಿತ್ತಳು.

"ನಾವೂ ನಿಮ್ಮ ಹಾಗೆಯೇ ಸರ್. ಅವರು ಇರಲು ಬಿಟ್ಟಿದ್ದಾರೆ, ಇದ್ದೇವೆ."